ತೂಕ ಇಳಿಯಲಿ, ಮೈ ಜೋತು ಬೀಳದಿರಲಿ

ಮನೆಯಲ್ಲೇ ವ್ಯಾಯಾಮ ಮಾಡಿ ತೂಕ ಇಳಿಸುವವರಿಗೆ ಮತ್ತು ಅವರ ಮನೆಯವರಿಗೆ ತಿಳಿವಳಿಕೆ

ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮಂಡಿನೋವು ಎಂದು ಆಸ್ಪತ್ರೆಗೆ ಬರುವ ಅನೇಕರಿಗೆ ವೈದ್ಯರು ಹೇಳುವ ಮೊದಲ ಮಾತು "ಸ್ವಲ್ಪ ತೂಕ ಇಳಿಸಿ" ಎಂಬುದು. ಆದರೆ ಹೊರಗೆ ಬಂದ ಮೇಲೆ ರೋಗಿಗಳು ನಮ್ಮನ್ನು ಕೇಳುವುದೇ ಬೇರೆ: "ಸಿಸ್ಟರ್, ತೂಕ ಇಳಿದರೆ ಹೊಟ್ಟೆ, ತೋಳು ಎಲ್ಲಾ ಜೋತು ಬೀಳುತ್ತಂತೆ, ಮುಖ ಸೊರಗುತ್ತಂತೆ, ಹೌದಾ?" ಈ ಭಯದಿಂದ ಕೆಲವರು ತೂಕ ಇಳಿಸುವ ಯೋಚನೆಯನ್ನೇ ಕೈಬಿಡುತ್ತಾರೆ. ಇನ್ನು ಕೆಲವರು ಒಂದೇ ತಿಂಗಳಲ್ಲಿ ಹತ್ತು ಕೆಜಿ ಇಳಿಸುತ್ತೇವೆಂದು ಊಟ ಬಿಟ್ಟು ನಿಶ್ಶಕ್ತರಾಗುತ್ತಾರೆ. ಎರಡರಿಂದಲೂ ಆರೋಗ್ಯಕ್ಕೆ ನಷ್ಟವೇ. ಮೈ ಜೋತು ಬೀಳುವುದನ್ನು ಬಹುಮಟ್ಟಿಗೆ ತಡೆಯಬಹುದು. ಅದಕ್ಕೆ ದುಬಾರಿ ಔಷಧಿಯಾಗಲಿ, ಜಿಮ್ ಆಗಲಿ ಬೇಕಿಲ್ಲ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 100 ವಯಸ್ಕರಲ್ಲಿ ಸುಮಾರು 30 ಮಂದಿಗೆ ತೂಕ ಹೆಚ್ಚಿದೆ. ನಮ್ಮ ಕಡೆ ಹಿಂದೆ ಬೀಸುವ ಕಲ್ಲು, ಒನಕೆ, ಬಾವಿಯ ಹಗ್ಗ, ತಲೆಯ ಮೇಲಿನ ಬಿಂದಿಗೆ ಇವೇ ವ್ಯಾಯಾಮವಾಗಿದ್ದವು. ಒನಕೆ ಓಬವ್ವನ ಊರಿನಲ್ಲೂ ಈಗ ಮಿಕ್ಸಿ, ಮೋಟಾರು, ಬೈಕು ಬಂದಿವೆ. ಊಟದ ಅಳತೆ ಮಾತ್ರ ಹಾಗೆಯೇ ಉಳಿದಿದೆ.

ಚರ್ಮ ಏಕೆ ಸಡಿಲವಾಗುತ್ತದೆ?

ನಮ್ಮ ಚರ್ಮದಲ್ಲಿ ಕೊಲಾಜೆನ್, ಎಲಾಸ್ಟಿನ್ ಎಂಬ ಎರಡು ಬಗೆಯ ಎಳೆಗಳಿವೆ. ಮೊದಲನೆಯದು ಚರ್ಮಕ್ಕೆ ಬಲ ಕೊಡುತ್ತದೆ, ಎರಡನೆಯದು ಹಿಗ್ಗಿದ ಚರ್ಮವನ್ನು ಮತ್ತೆ ಕುಗ್ಗಿಸುತ್ತದೆ. ಹೊಸ ಇಲಾಸ್ಟಿಕ್ ಎಳೆದು ಬಿಟ್ಟರೆ ಮೊದಲಿನ ಅಳತೆಗೆ ಬರುತ್ತದೆ. ಅದನ್ನೇ ವರ್ಷಗಟ್ಟಲೆ ಎಳೆದು ಇಟ್ಟರೆ ಸಡಿಲವಾಗಿಯೇ ಉಳಿಯುತ್ತದೆ. ಚರ್ಮವೂ ಹಾಗೆಯೇ. ವಯಸ್ಸು ಹೆಚ್ಚಿದ್ದರೆ, ಬೊಜ್ಜು ಬಹಳ ವರ್ಷಗಳಿಂದ ಇದ್ದರೆ, ಇಳಿಸಿದ ತೂಕ ತುಂಬಾ ಹೆಚ್ಚಿದ್ದರೆ, ಹೆರಿಗೆಗಳು ಹೆಚ್ಚಾಗಿದ್ದರೆ, ಬೀಡಿ ಸಿಗರೇಟು ಚಟವಿದ್ದರೆ ಅಥವಾ ಸದಾ ಬಿಸಿಲಿನಲ್ಲಿ ಕೆಲಸವಿದ್ದರೆ ಚರ್ಮ ಕುಗ್ಗುವುದು ನಿಧಾನ.

ಆದರೆ ಜೋತು ಬಿದ್ದಿದ್ದೆಲ್ಲಾ ಚರ್ಮವಲ್ಲ. ಹೊಟ್ಟೆಯ ಮೇಲಿನ ಮಡಿಕೆಯನ್ನು ಎರಡು ಬೆರಳಿನಲ್ಲಿ ಹಿಡಿದು ನೋಡಿ. ಬಟ್ಟೆಯಂತೆ ತೆಳ್ಳಗಿದ್ದರೆ ಅದು ಸಡಿಲ ಚರ್ಮ. ದಪ್ಪಗೆ, ಮೆತ್ತಗೆ ಇದ್ದರೆ ಅಲ್ಲಿ ಕೊಬ್ಬು ಇನ್ನೂ ಉಳಿದಿದೆ ಎಂದರ್ಥ. ಐದಾರು ಕೆಜಿ ಇಳಿಸಿದವರಲ್ಲಿ ಸಾಮಾನ್ಯವಾಗಿ ಕಾಣುವುದು ಎರಡನೆಯದು. ಅದಕ್ಕೆ ಪರಿಹಾರ ಇದೆ.

ಇಳಿದಿದ್ದು ಕೊಬ್ಬೋ, ಸ್ನಾಯುವೋ?

ತೂಕದ ಯಂತ್ರ ಒಟ್ಟು ಭಾರ ಹೇಳುತ್ತದೆಯೇ ಹೊರತು ಏನು ಇಳಿಯಿತು ಎಂದು ಹೇಳುವುದಿಲ್ಲ. ಊಟ ಬಿಟ್ಟಾಗ ಮೊದಲ ವಾರ ಇಳಿಯುವುದರಲ್ಲಿ ಹೆಚ್ಚಿನದು ನೀರು. ವ್ಯಾಯಾಮವಿಲ್ಲದೆ ಬರೀ ಊಟ ಕಡಿಮೆ ಮಾಡಿದರೆ ಇಳಿಯುವ ತೂಕದಲ್ಲಿ ಸುಮಾರು ಕಾಲು ಭಾಗ ಸ್ನಾಯು ಮುಂತಾದ ಕೊಬ್ಬಲ್ಲದ ಭಾಗವಾಗಿರುತ್ತದೆ. ಸ್ನಾಯು ಎಂದರೆ ಮಾಂಸಖಂಡ. ಚರ್ಮದ ಕೆಳಗೆ ಅದು ಗಟ್ಟಿಯಾಗಿದ್ದರೆ ಮೈ ತುಂಬಿಕೊಂಡಂತೆ ಕಾಣುತ್ತದೆ. ಅದು ಕರಗಿದರೆ ತೋಳು ಜೋಲುತ್ತದೆ, ಕಾಲಿನಲ್ಲಿ ಕಸುವು ಇರುವುದಿಲ್ಲ, ವಯಸ್ಸಾದವರು ಎಡವಿ ಬೀಳುವ ಸಂಭವ ಹೆಚ್ಚು. ತೂಕ ಮತ್ತೆ ಏರಿದಾಗ ಹೆಚ್ಚಾಗಿ ತುಂಬಿಕೊಳ್ಳುವುದು ಕೊಬ್ಬು. ಆದ್ದರಿಂದ ಕೊಬ್ಬು ಇಳಿಯಬೇಕು, ಸ್ನಾಯು ಉಳಿಯಬೇಕು. ಅದಕ್ಕೆ ಮೂರು ದಾರಿಗಳು ಹೀಗಿವೆ.

1. ನಿಧಾನವಾಗಿ ಇಳಿಸಿ

ವಾರಕ್ಕೆ ಅರ್ಧ ಕೆಜಿ ಸಾಕು, ಒಂದು ಕೆಜಿ ಮೀರುವುದು ಬೇಡ. 80 ಕೆಜಿ ಇರುವವರು 4 ಕೆಜಿ ಇಳಿಸಿದರೂ ಸಕ್ಕರೆ ಮತ್ತು ರಕ್ತದೊತ್ತಡಕ್ಕೆ ಪ್ರಯೋಜನ ಕಾಣುತ್ತದೆ. ವಾರಕ್ಕೊಮ್ಮೆ ಒಂದೇ ದಿನ, ಬೆಳಿಗ್ಗೆ ಬರೀ ಹೊಟ್ಟೆಯಲ್ಲಿ ತೂಕ ನೋಡಿ. ಜೊತೆಗೆ ಟೇಪಿನಿಂದ ಸೊಂಟದ ಸುತ್ತಳತೆ ಬರೆದಿಡಿ. ನಮ್ಮ ದೇಶದವರಲ್ಲಿ ಅದು ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ಒಳಗಿರುವುದು ಒಳ್ಳೆಯದು. ತೂಕ ನಿಂತಲ್ಲೇ ನಿಂತು ಸೊಂಟ ಸಣ್ಣಗಾಗುತ್ತಿದ್ದರೆ ನಿರಾಶೆ ಬೇಡ, ಕೊಬ್ಬು ಕರಗುತ್ತಿದೆ.

2. ಬಲದ ವ್ಯಾಯಾಮ ಮಾಡಿ

ನಡಿಗೆ ಹೃದಯಕ್ಕೆ ಒಳ್ಳೆಯದು. ವಾರದಲ್ಲಿ 5 ದಿನ 30 ನಿಮಿಷ ಬಿರುಸಾಗಿ ನಡೆಯಿರಿ. ಆದರೆ ಸ್ನಾಯು ಉಳಿಯಲು ನಡಿಗೆಯೊಂದೇ ಸಾಲದು. ವಾರದಲ್ಲಿ 2 ಅಥವಾ 3 ದಿನ, ಒಂದು ದಿನ ಬಿಟ್ಟು ಒಂದು ದಿನ, ಮನೆಯಲ್ಲೇ ಇವನ್ನು ಮಾಡಬಹುದು:

• ಕುರ್ಚಿಯಿಂದ ಏಳುವುದು: ಗೋಡೆಗೆ ಒತ್ತಿಟ್ಟ ಗಟ್ಟಿ ಕುರ್ಚಿಯಲ್ಲಿ ಕುಳಿತು, ಕೈ ಊರದೆ ಎದ್ದು ನಿಂತು, ನಿಧಾನವಾಗಿ ಕುಳಿತುಕೊಳ್ಳಿ. ತೊಡೆಗೆ ಬಲ.
• ಗೋಡೆ ತಳ್ಳುವುದು: ಗೋಡೆಯಿಂದ ಎರಡು ಹೆಜ್ಜೆ ಹಿಂದೆ ನಿಂತು, ಎರಡೂ ಅಂಗೈ ಊರಿ, ಮೊಣಕೈ ಮಡಿಸಿ ಎದೆಯನ್ನು ಗೋಡೆಯ ಹತ್ತಿರ ತಂದು ಹಿಂದಕ್ಕೆ ತಳ್ಳಿ. ಎದೆ ಮತ್ತು ತೋಳಿಗೆ ಬಲ.
• ಸೊಂಟ ಎತ್ತುವುದು: ಚಾಪೆಯ ಮೇಲೆ ಅಂಗಾತ ಮಲಗಿ, ಮಂಡಿ ಮಡಿಸಿ, ಸೊಂಟ ಮೇಲೆತ್ತಿ ಐದು ಎಣಿಸಿ ಇಳಿಸಿ. ಹೊಟ್ಟೆ, ಸೊಂಟಕ್ಕೆ ಬಲ.
• ಬಾಟಲಿ ಎತ್ತುವುದು: ಒಂದು ಲೀಟರ್ ನೀರಿನ ಬಾಟಲಿ ಎರಡೂ ಕೈಯಲ್ಲಿ ಹಿಡಿದು, ಮೊಣಕೈ ಮಡಿಸಿ ಭುಜದ ತನಕ ಎತ್ತಿ ಇಳಿಸಿ. ಹಗುರವೆನಿಸಿದಾಗ ಮರಳು ತುಂಬಿಸಿ.

ಒಂದೊಂದನ್ನು 8ರಿಂದ 12 ಬಾರಿ ಮಾಡಿ, ಸ್ವಲ್ಪ ಸುಧಾರಿಸಿಕೊಂಡು ಮತ್ತೊಂದು ಸುತ್ತು ಮಾಡಿ. ಉಸಿರು ಬಿಗಿಹಿಡಿಯಬೇಡಿ. ಕೊನೆಯ ಎರಡು ಬಾರಿ ಕಷ್ಟವೆನಿಸಿದರೆ ಅಳತೆ ಸರಿಯಾಗಿದೆ. ಹೊಟ್ಟೆಗೆಂದೇ ನೂರು ಬಾರಿ ಎದ್ದು ಕುಳಿತರೆ ಹೊಟ್ಟೆಯ ಕೊಬ್ಬು ಮಾತ್ರ ಕರಗುವುದಿಲ್ಲ. ಕೊಬ್ಬು ಕರಗುವುದು ಇಡೀ ದೇಹದಿಂದ.

ಹಿರಿಯೂರು ಕಡೆಯ ಬಿಸಿಲಿನಲ್ಲಿ ಮಧ್ಯಾಹ್ನದ ನಡಿಗೆ ಬೇಡ, ಬೆಳಿಗ್ಗೆ 8ರ ಒಳಗೆ ಮುಗಿಸಿ. ದುರ್ಗದವರು ಕೋಟೆಯ ಮೆಟ್ಟಿಲು, ಜೋಗಿಮಟ್ಟಿಯ ಏರು ಎಂದು ಮೊದಲ ದಿನವೇ ಹೊರಡಬೇಡಿ. ಮಂಡಿನೋವು, ಹೃದಯದ ತೊಂದರೆ ಇರುವವರು ಸಮತಟ್ಟಾದ ದಾರಿಯಲ್ಲೇ ನಡೆಯಿರಿ. ಹೊಸದುರ್ಗ, ಹೊಳಲ್ಕೆರೆ ಕಡೆಯವರಿಗೆ ತೋಟದ ದಾರಿಯೇ ಸಾಕು.

3. ತಟ್ಟೆಯಲ್ಲಿ ಕಾಳು ಹೆಚ್ಚಲಿ

ಸ್ನಾಯು ಉಳಿಯಲು ಪ್ರೋಟೀನ್ ಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ಆರೋಗ್ಯವಂತರಿಗೆ ದಿನಕ್ಕೆ ಪ್ರತಿ ಕೆಜಿ ತೂಕಕ್ಕೆ 0.83 ಗ್ರಾಂ ಬೇಕು. ಅಂದರೆ 60 ಕೆಜಿ ಇರುವವರಿಗೆ ಸುಮಾರು 50 ಗ್ರಾಂ. ನಮ್ಮ ಊಟದಲ್ಲೇ ಇದು ಸಿಗುತ್ತದೆ. 100 ಗ್ರಾಂ ರಾಗಿ ಹಿಟ್ಟಿನ ಮುದ್ದೆಯಲ್ಲಿ ಸುಮಾರು 7 ಗ್ರಾಂ, 50 ಗ್ರಾಂ ಹುರುಳಿ ಕಾಳಿನಲ್ಲಿ 11 ಗ್ರಾಂ, ಒಂದು ಲೋಟ ಹಾಲಿನಲ್ಲಿ 6 ಗ್ರಾಂ, ಒಂದು ಹಿಡಿ ಶೇಂಗಾದಲ್ಲಿ 7 ಗ್ರಾಂ ಇರುತ್ತದೆ. ಎರಡು ಮುದ್ದೆ ಉಣ್ಣುವವರು ಒಂದಕ್ಕೆ ಇಳಿಸಿ, ಸಾರಿನ ಕಾಳು ಎರಡು ಸೌಟು ಹೆಚ್ಚು ಹಾಕಿಸಿಕೊಳ್ಳಿ. ಹುರುಳಿ ಬಸಿದ ಕಟ್ಟಿನ ಸಾರು ಮಾತ್ರ ಉಂಡು ಕಾಳು ಬಿಟ್ಟರೆ ಲಾಭವಿಲ್ಲ. ಮೊಳಕೆ ಕಾಳು, ಮಜ್ಜಿಗೆ, ಸೊಪ್ಪು, ತರಕಾರಿ ದಿನವೂ ಇರಲಿ. ಶೇಂಗಾ ನಮ್ಮ ಹೊಲದ ಬೆಳೆಯಾದರೂ ಅದರಲ್ಲಿ ಎಣ್ಣೆಯ ಅಂಶ ಹೆಚ್ಚು, ಹಿಡಿ ಮೀರಬಾರದು. ಸಂಜೆಯ ಮಂಡಕ್ಕಿ ಜೊತೆ ಮೆಣಸಿನಕಾಯಿ ಬಜ್ಜಿ ದಿನದ ರೂಢಿಯಾಗುವುದು ಬೇಡ. ಮೂತ್ರಪಿಂಡದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಪ್ರೋಟೀನ್ ಹೆಚ್ಚಿಸಬಾರದು.

ಮೋಸಹೋಗಬೇಡಿ

ಹೊಟ್ಟೆಗೆ ಕಟ್ಟುವ ಬೆಲ್ಟು, ಪ್ಲಾಸ್ಟಿಕ್ ಸುತ್ತಿ ಬೆವರಿಳಿಸುವುದು, ಇವುಗಳಿಂದ ಹೋಗುವುದು ನೀರು, ಕೊಬ್ಬಲ್ಲ. ಎಣ್ಣೆ ತಿಕ್ಕುವುದರಿಂದ ಚರ್ಮ ಮೃದುವಾಗುತ್ತದೆ, ಆದರೆ ಜೋತ ಚರ್ಮ ಬಿಗಿಯಾಗುವುದಿಲ್ಲ. ಕ್ರೀಮುಗಳ ಮಾತೂ ಅಷ್ಟೇ. ತೂಕ ಇಳಿಸುವ ಹೊಸ ಚುಚ್ಚುಮದ್ದುಗಳು ಈಗ ಬಂದಿವೆ. ಅವನ್ನು ವೈದ್ಯರ ಚೀಟಿ ಇಲ್ಲದೆ ತೆಗೆದುಕೊಳ್ಳಬೇಡಿ. ಅವುಗಳಿಂದ ತೂಕ ಇಳಿದಾಗಲೂ ಸ್ನಾಯು ಕರಗುವುದುಂಟು, ವ್ಯಾಯಾಮ ಮತ್ತು ಕಾಳು ಆಗಲೂ ಬೇಕು.

ಬಾಣಂತಿಯರಿಗೆ

ಹೊಟ್ಟೆಗೆ ಬಟ್ಟೆ ಕಟ್ಟಿದರೆ ನಡುವಿಗೆ ಆಸರೆ ಸಿಗಬಹುದು, ಬೊಜ್ಜು ಕರಗುವುದಿಲ್ಲ. ಮಗುವಿಗೆ ಹಾಲು ಕೊಡುವಾಗ ಊಟ ಬಿಡಬೇಡಿ. ನಿಧಾನ ನಡಿಗೆಯಿಂದ ಆರಂಭಿಸಿ. ಸಿಜೇರಿಯನ್ ಆದವರು ಹೊಟ್ಟೆಯ ವ್ಯಾಯಾಮಕ್ಕೆ ಮೊದಲು ವೈದ್ಯರಿಗೆ ತೋರಿಸಿ ಒಪ್ಪಿಗೆ ಪಡೆಯಿರಿ.

ಚರ್ಮ ಜೋತೇ ಉಳಿದರೆ?

ಚರ್ಮ ಕುಗ್ಗಲು ತಿಂಗಳುಗಳು, ಕೆಲವೊಮ್ಮೆ ಒಂದೆರಡು ವರ್ಷ ಬೇಕು. 30–40 ಕೆಜಿ ಇಳಿಸಿದವರಲ್ಲಿ ಪೂರ್ತಿ ಕುಗ್ಗದೆ ಉಳಿಯಬಹುದು. ಅದರಿಂದ ಆರೋಗ್ಯಕ್ಕೆ ದೊಡ್ಡ ಕೇಡಿಲ್ಲ. ಮಡಿಕೆಗಳ ನಡುವೆ ಬೆವರು ನಿಂತು ಹುಣ್ಣಾಗದಂತೆ ದಿನವೂ ತೊಳೆದು, ಒತ್ತಿ ಒರೆಸಿ, ಹತ್ತಿ ಬಟ್ಟೆ ಹಾಕಿಕೊಳ್ಳಿ. ಮತ್ತೆ ಮತ್ತೆ ಹುಣ್ಣಾದರೆ ವೈದ್ಯರಿಗೆ ತೋರಿಸಿ. ಅಗತ್ಯವಿದ್ದವರಿಗೆ ಶಸ್ತ್ರಚಿಕಿತ್ಸೆಯೂ ಇದೆ. ಮೊದಲು ತೂಕ ಒಂದೇ ಮಟ್ಟದಲ್ಲಿ ನಿಲ್ಲಬೇಕು.

ತಪ್ಪದೆ ವೈದ್ಯರನ್ನು ಕಾಣಿರಿ

• ಪ್ರಯತ್ನವಿಲ್ಲದೆ ತೂಕ ಇಳಿಯುತ್ತಿದ್ದರೆ. ಇದು ಕ್ಷಯ, ಸಕ್ಕರೆ ಕಾಯಿಲೆ, ಥೈರಾಯ್ಡ್, ಕ್ಯಾನ್ಸರ್‌ನ ಲಕ್ಷಣವಾಗಿರಬಹುದು.
• ವ್ಯಾಯಾಮ ಮಾಡುವಾಗ ಎದೆನೋವು, ಉಸಿರುಕಟ್ಟುವಿಕೆ, ತಲೆಸುತ್ತು ಬಂದರೆ. ಕೂಡಲೇ ನಿಲ್ಲಿಸಿ.
• ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಊಟ ಕಡಿಮೆ ಮಾಡುವ ಮೊದಲು. ಸಕ್ಕರೆ ಒಮ್ಮೆಲೇ ಇಳಿದು ಬೆವರು, ನಡುಕ ಬರಬಹುದು. ಆಗ ಎಚ್ಚರವಿದ್ದವರಿಗೆ ತಕ್ಷಣ ಮೂರು ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿಸಿ. ಎಚ್ಚರ ತಪ್ಪಿದವರ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಕರೆತನ್ನಿ.

ಮನೆಯವರಿಗೆ ಒಂದು ಮಾತು

ತೂಕ ಇಳಿಸುತ್ತಿರುವವರನ್ನು "ಸೊರಗಿ ಹೋಗಿದ್ದೀಯಾ, ಇನ್ನೊಂದು ಮುದ್ದೆ ಉಣ್ಣು" ಎಂದು ಒತ್ತಾಯಿಸಬೇಡಿ. ಅವರ ತಟ್ಟೆಗೆ ಕಾಳು ಬಡಿಸಿ, ಸಂಜೆ ಜೊತೆಯಲ್ಲಿ ನಡೆಯಿರಿ, ಟೇಪು ಹಿಡಿದು ಸೊಂಟದ ಅಳತೆ ಬರೆದುಕೊಡಿ. ಮುಂದಿನ ಸಲ ಆಸ್ಪತ್ರೆಗೆ ಬರುವಾಗ ಆ ಚೀಟಿಯನ್ನೂ ತನ್ನಿ.