ಯಕೃತ್ ಕಸಿಗೆ ಮುಂಚಿನ ತಪಾಸಣೆ: ಮನೆಯವರು ತಿಳಿದಿರಬೇಕಾದ ಸಂಗತಿಗಳು



ಕಸಿ ಎಂಬ ಮಾತು ನಮಗೆ ಹೊಸದಲ್ಲ. ಕಾಳುಮೆಣಸಿನ ಕುಡಿಯನ್ನು ಹಿಪ್ಪಲಿ ಗಿಡಕ್ಕೆ ಕಟ್ಟುವವರು ಮೊದಲು ಬುಡದ ಗಿಡವನ್ನೇ ನೋಡುತ್ತಾರೆ. ಬೇರು ಗಟ್ಟಿಯಿದೆಯೇ, ರೋಗ ತಗಲಿದೆಯೇ, ಕಟ್ಟಿದ ಮೇಲೆ ನೀರು ನೆರಳು ನೋಡಿಕೊಳ್ಳುವವರಿದ್ದಾರೆಯೇ ಎಂದು ವಿಚಾರಿಸುತ್ತಾರೆ. ಮನುಷ್ಯನ ಯಕೃತ್ತನ್ನು, ಅಂದರೆ ಲಿವರನ್ನು, ಬದಲಿಸುವ ಮುಂಚೆ ವೈದ್ಯರು ನಡೆಸುವ ತಪಾಸಣೆಯೂ ಹೆಚ್ಚು ಕಡಿಮೆ ಹೀಗೆಯೇ ಇರುತ್ತದೆ. ಇದನ್ನು ನಾನು ತಿಳಿದದ್ದು ಕಳೆದ ವರ್ಷ, ನಮ್ಮ ಭಾವನವರ ಜೊತೆ ಬೆಂಗಳೂರಿಗೆ ಹೋದಾಗ.

ನನ್ನ ಅಕ್ಕನನ್ನು ಕೊಟ್ಟಿರುವುದು ನರಗುಂದಕ್ಕೆ. ಅಲ್ಲಿ ನಮ್ಮಂತೆ ತೋಟವಿಲ್ಲ. ಎರೆ ಹೊಲ, ಉಳ್ಳಾಗಡ್ಡಿ, ಗೋವಿನಜೋಳ, ಕಡಲೆ. ಭಾವನವರಿಗೆ ಮೊದಲು ಕಾಲು ಬಾತಿತು, ಆಮೇಲೆ ಹೊಟ್ಟೆಯಲ್ಲಿ ನೀರು ತುಂಬಿತು, ಕಣ್ಣು ಹಳದಿಯಾಯಿತು. ಒಂದು ರಾತ್ರಿ ಅಕ್ಕನ ಗುರುತೂ ಹತ್ತದಂತೆ ಮಾತಾಡಿದರು. ಹುಬ್ಬಳ್ಳಿಯ ವೈದ್ಯರು ‘ಸಿರೋಸಿಸ್, ಕಸಿಯ ತಪಾಸಣೆಗೆ ಹೋಗಿರಿ’ ಎಂದು ಚೀಟಿ ಬರೆದುಕೊಟ್ಟರು. ಹುಬ್ಬಳ್ಳಿಯಿಂದ ರಾತ್ರಿ ರೈಲು ಹತ್ತಿದೆವು. ರೈಲಿನಲ್ಲಿ ಭಾವ ನನ್ನ ಕಿವಿಯಲ್ಲಿ, “ತಮ್ಮಾ, ಕುಡಿಯೂದು ಬಿಟ್ಟು ವರ್ಷ ಆತು ಅಂತ ಹೇಳ್ತೀನಿ. ನೀ ನಡುವ ಬಾಯಿ ಹಾಕಬ್ಯಾಡ” ಎಂದರು. ಬಿಟ್ಟು ಮೂರು ವಾರವೂ ಆಗಿರಲಿಲ್ಲ. ತಪಾಸಣೆಯೆಂದರೆ ಪಾಸು ಫೇಲಿನ ಪರೀಕ್ಷೆ, ಫೇಲಾದರೆ ಪ್ರಾಣ ಹೋದಂತೆ ಎಂದು ಅವರು ತಿಳಿದಿದ್ದರು. ನಾನೂ ಹಾಗೆಯೇ ತಿಳಿದಿದ್ದೆ.

ಏನೇನು ಪರೀಕ್ಷೆ?

ಅಮೆರಿಕದಲ್ಲಿ ಡಾ. ಥಾಮಸ್ ಸ್ಟಾರ್ಜ್ಲ್ 1963ರಲ್ಲಿ ಮೊದಲು ಕೈಹಾಕಿದ, ನಮ್ಮ ದೇಶದಲ್ಲಿ 1998ರಲ್ಲಿ ಮೊದಲು ಯಶಸ್ವಿಯಾದ ಚಿಕಿತ್ಸೆ ಇದು. ಶಸ್ತ್ರಕ್ರಿಯೆ ದೊಡ್ಡದು. ಆದ್ದರಿಂದ ವೈದ್ಯರು ಮೂರು ಸಂಗತಿ ತಿಳಿಯಬಯಸುತ್ತಾರೆ: ಕಸಿ ಬೇಕೇ ಬೇಕೆ, ದೇಹ ಅದನ್ನು ತಡೆದುಕೊಂಡೀತೆ, ಆಮೇಲೆ ಜೀವನಪರ್ಯಂತ ಔಷಧ ಪಥ್ಯ ನಡೆದೀತೆ.

ಇದಕ್ಕೆ ಕೆಲವು ದಿನಗಳೇ ಬೇಕು. ರಕ್ತವನ್ನು ಹಲವು ಸಲ ತೆಗೆಯುತ್ತಾರೆ. ರಕ್ತದ ಗುಂಪು, ಮೂತ್ರಪಿಂಡದ ಕೆಲಸ, ಹೆಪಟೈಟಿಸ್ ಬಿ ಮತ್ತು ಸಿ, ಎಚ್.ಐ.ವಿ. ಎಲ್ಲವನ್ನೂ ನೋಡುತ್ತಾರೆ. ಬಿಲಿರುಬಿನ್, ಕ್ರಿಯಾಟಿನಿನ್, ರಕ್ತ ಹೆಪ್ಪುಗಟ್ಟುವ ಪ್ರಮಾಣ ಮುಂತಾದವನ್ನು ಸೇರಿಸಿ ‘ಮೆಲ್ಡ್’ ಎಂಬ ಅಂಕ ಹಾಕುತ್ತಾರೆ. ಅದು 6ರಿಂದ 40ರವರೆಗೆ ಇರುತ್ತದೆ. ಅಂಕ ಹೆಚ್ಚಿದಷ್ಟೂ ಕಾಯಿಲೆ ತೀವ್ರ. ಹೆಚ್ಚು ಅಂಕ ಬಂದಿತೆಂದು ಶಾಲೆಯ ಲೆಕ್ಕದಲ್ಲಿ ಸಂತೋಷಪಡಬಾರದು! ಸಿ.ಟಿ. ಸ್ಕ್ಯಾನ್, ಹೃದಯಕ್ಕೆ ಇ.ಸಿ.ಜಿ. ಮತ್ತು ಎಕೋ, ಶ್ವಾಸಕೋಶದ ಪರೀಕ್ಷೆ, ಅನ್ನನಾಳಕ್ಕೆ ಎಂಡೋಸ್ಕೋಪಿ ಇರುತ್ತವೆ. ಹಲ್ಲು ಬಾಯಿಯನ್ನೂ ನೋಡುತ್ತಾರೆ. ಅಡಿಕೆ, ತಂಬಾಕು ಜಗಿಯುವವರ ಬಾಯಲ್ಲಿ ಗಾಯವಿದೆಯೇ ಎಂದು ಕೇಳುತ್ತಾರೆ. ಅಡಿಕೆ ಬೆಳೆಯುವ ನಾವು ಈ ಪ್ರಶ್ನೆಗೆ ಬೇಸರಪಡಬೇಕಾಗಿಲ್ಲ. ಕಸಿಯ ನಂತರದ ಔಷಧಗಳು ರೋಗನಿರೋಧ ಶಕ್ತಿಯನ್ನು ತಗ್ಗಿಸುವುದರಿಂದ ಎಲ್ಲಿಯಾದರೂ ಅಡಗಿದ ಸೋಂಕು, ಕ್ಷಯ ಅಥವಾ ಕ್ಯಾನ್ಸರ್ ಇದ್ದರೆ ಮೊದಲೇ ತಿಳಿಯಬೇಕು.

ಮುಚ್ಚಿಡಬಾರದು

ಮನೋವೈದ್ಯರು ಮತ್ತು ಸಮಾಜ ಕಾರ್ಯಕರ್ತರು ಮನೆಯವರನ್ನೂ ಕೂರಿಸಿಕೊಂಡು ಮಾತಾಡುತ್ತಾರೆ. ಭಾವ ತಾವು ಅಂದುಕೊಂಡಂತೆ ‘ವರ್ಷ ಆತ್ರಿ’ ಎಂದರು. ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದು, “ಇಲ್ರೀ, ಮೂರು ವಾರನೂ ಆಗಿಲ್ಲ” ಎಂದಳು. ವೈದ್ಯರು ಗದರಲಿಲ್ಲ. ಹಿಂದಿನ ಕೆಲವು ವಾರಗಳ ಕುಡಿತ ರಕ್ತಪರೀಕ್ಷೆಯಲ್ಲಿಯೇ ತಿಳಿಯುತ್ತದೆ, ಆದರೆ ನಿಮ್ಮ ಬಾಯಿಂದ ತಿಳಿದರೆ ಬಿಡಿಸಲು ಸಹಾಯ ಮಾಡಬಹುದು ಎಂದರು. ಅನೇಕ ಕಡೆ ಆರು ತಿಂಗಳು ಮದ್ಯ ಮುಟ್ಟಿರಬಾರದೆಂದು ಕೇಳುತ್ತಾರೆ. ಪೂರ್ತಿ ಬಿಟ್ಟ ಕೆಲವರಲ್ಲಿ ಯಕೃತ್ತು ತಾನೇ ಚೇತರಿಸಿಕೊಂಡು ಕಸಿಯೇ ಬೇಡವಾಗುವುದೂ ಉಂಟು.

ನಾಟಿ ಔಷಧವನ್ನೂ ಮುಚ್ಚಿಡಬಾರದು. ಅಮೃತಬಳ್ಳಿ ಸೇವಿಸಿದ ಕೆಲವರ ಯಕೃತ್ತಿಗೆ ಹಾನಿಯಾದದ್ದನ್ನು ಮುಂಬೈ ವೈದ್ಯರು 2021ರಲ್ಲಿ ವರದಿ ಮಾಡಿದ್ದಾರೆ. ಇನ್ನೊಂದು ಮಾತು: ಈ ಕಾಯಿಲೆಗೆ ಕುಡಿತವೊಂದೇ ಕಾರಣವಲ್ಲ. ಹೆಪಟೈಟಿಸ್, ಸಕ್ಕರೆ ಕಾಯಿಲೆ, ಬೊಜ್ಜಿನಿಂದಲೂ ಬರುತ್ತದೆ. ಆದ್ದರಿಂದ ರೋಗಿಯನ್ನು ಕಂಡು ಊರವರು ಆಡಿಕೊಳ್ಳುವುದು ಸರಿಯಲ್ಲ.

ಕೊಡುವವರು ಯಾರು?

ದಾರಿ ಎರಡು. ಮಿದುಳು ಸತ್ತ ವ್ಯಕ್ತಿಯ ಮನೆಯವರು ಒಪ್ಪಿ ಕೊಟ್ಟ ಅಂಗವನ್ನು ನಮ್ಮ ರಾಜ್ಯದಲ್ಲಿ ‘ಜೀವಸಾರ್ಥಕತೆ’ ಸಂಸ್ಥೆಯ ಪಟ್ಟಿಯ ಮೂಲಕ ಹಂಚುತ್ತಾರೆ. ಹೆಸರು ನೋಂದಾಯಿಸಿದವರ ದೂರವಾಣಿ ಹಗಲೂ ರಾತ್ರಿ ಚಾಲೂ ಇರಬೇಕು. ಎರಡನೆಯದು, ಹತ್ತಿರದ ಸಂಬಂಧಿಕರು ತಮ್ಮ ಯಕೃತ್ತಿನ ಒಂದು ಭಾಗ ಕೊಡುವುದು. ಉಳಿದ ಭಾಗ ಕೆಲವು ತಿಂಗಳೊಳಗೆ ಬಹುಮಟ್ಟಿಗೆ ಬೆಳೆದುಕೊಳ್ಳುತ್ತದೆ. ಆದರೂ ಕೊಡುವವರಿಗೂ ಅಪಾಯ ಇಲ್ಲದಿಲ್ಲ. 1994ರ ಕಾಯಿದೆಯ ಪ್ರಕಾರ ಅಂಗವನ್ನು ಮಾರುವುದೂ ಕೊಳ್ಳುವುದೂ ಅಪರಾಧ.

ಅಕ್ಕನ ಮಗ ತಾನು ಕೊಡುತ್ತೇನೆಂದ. ವೈದ್ಯರು ಅವನೊಬ್ಬನನ್ನೇ ಒಳಗೆ ಕರೆದು, ಮನಸ್ಸಿಲ್ಲದಿದ್ದರೆ ಈಗಲೇ ಹೇಳು, ಹೊರಗೆ ಯಾರಿಗೂ ಕಾರಣ ತಿಳಿಸುವುದಿಲ್ಲ ಎಂದರಂತೆ. ಅವನಿಗೂ ಬೇರೆಯಾಗಿ ಎಲ್ಲ ಪರೀಕ್ಷೆ ನಡೆಯುತ್ತದೆ. ಕೊಡಲು ಒಪ್ಪಿದವರು ಶಸ್ತ್ರಕ್ರಿಯೆಯ ಮುಂಚೆ ಯಾವಾಗ ಬೇಕಾದರೂ ಹಿಂದೆ ಸರಿಯಬಹುದು. ಮನೆಯ ಹಿರಿಯರು ಒತ್ತಾಯ ಮಾಡಬಾರದು.

ಹೊರಡುವ ಮುಂಚೆ

ಹಳೆಯ ಎಲ್ಲ ವರದಿ, ನುಂಗುತ್ತಿರುವ ಮಾತ್ರೆಗಳ ಚೀಟಿ, ಆಧಾರ್, ಪಡಿತರ ಚೀಟಿ ಜೊತೆಗಿರಲಿ. ಬಡ ಕುಟುಂಬದವರು ಸರ್ಕಾರದ ನೆರವಿನ ಬಗ್ಗೆ ಆಸ್ಪತ್ರೆಯ ಆರೋಗ್ಯ ಮಿತ್ರರನ್ನು ಮೊದಲ ದಿನವೇ ವಿಚಾರಿಸಬೇಕು. ಮುಂದೆ ಆರೈಕೆ ಮಾಡುವವರೇ ಜೊತೆಗೆ ಹೋಗಬೇಕು. ಕಸಿಯಾದವರು ಗೊಬ್ಬರದ ಗುಂಡಿಯ ಹತ್ತಿರ ಮುಖಕ್ಕೆ ಬಟ್ಟೆಯಿಲ್ಲದೆ ಸುಳಿಯಬಾರದು ಎಂಬುದನ್ನೂ ಅಲ್ಲಿಯೇ ತಿಳಿದೆವು. ತೋಟದವರು ಇದನ್ನು ಮುಖ್ಯವಾಗಿ ಕೇಳಿಕೊಳ್ಳಬೇಕು.

ಕೊನೆಗೆ ಎಲ್ಲ ವೈದ್ಯರೂ ಒಟ್ಟಿಗೆ ಕೂತು ತೀರ್ಮಾನಿಸುತ್ತಾರೆ. ಈಗಲೇ ಕಸಿ, ಸ್ವಲ್ಪ ಕಾಯುವುದು, ಬೇರೆ ಚಿಕಿತ್ಸೆ, ಕಸಿ ಸಾಧ್ಯವಿಲ್ಲ: ಇವುಗಳಲ್ಲಿ ಯಾವ ಉತ್ತರವಾದರೂ ಬರಬಹುದು. ಭಾವನವರಿಗೆ ಬಂದದ್ದು ‘ಕಾಯಿರಿ’ ಎಂದು. ಕುಡಿತ ಬಿಟ್ಟು ಈಗ ಏಳು ತಿಂಗಳಾಯಿತು. ಹೊಟ್ಟೆಯ ನೀರು ಇಳಿದಿದೆ. ಮುಂದಿನ ತಿಂಗಳು ಮತ್ತೆ ಬೆಂಗಳೂರಿಗೆ ಹೋಗಬೇಕು. ಪಟ್ಟಿಗೆ ಹೆಸರು ಸೇರುವುದೋ ಇಲ್ಲವೋ ಅಂದು ತಿಳಿಯುತ್ತದೆ.

ಕಣ್ಣು ಹಳದಿ, ಹೊಟ್ಟೆಯಲ್ಲಿ ನೀರು, ರಕ್ತವಾಂತಿ, ಮಂಕು: ಇವುಗಳಲ್ಲಿ ಒಂದು ಕಂಡರೂ ಕೊಯ್ಲು ಮುಗಿಯಲಿ ಎಂದು ಕಾಯಬೇಡಿ. ತಡವಾದರೆ ಕಸಿಯನ್ನು ತಡೆದುಕೊಳ್ಳುವ ಶಕ್ತಿಯೇ ದೇಹದಲ್ಲಿ ಉಳಿಯುವುದಿಲ್ಲ.