ದ್ವೀಪಕ್ಕೆ ಹೊರಡುವ ಮುನ್ನ ಚಳಿಜ್ವರದ ಲೆಕ್ಕ

ಶ್ರೀರಂಗಪಟ್ಟಣವೂ ಒಂದು ದ್ವೀಪವೇ. ಕಾವೇರಿ ಎರಡು ಕವಲಾಗಿ ತಬ್ಬಿಕೊಂಡಿರುವ ಈ ಊರನ್ನು 1799ರಲ್ಲಿ ಗೆದ್ದ ಇಂಗ್ಲಿಷರಿಗೆ ಇಲ್ಲಿ ನೆಲೆನಿಲ್ಲಲು ಆಗಲಿಲ್ಲ. ಯುದ್ಧ ಮುಗಿದ ಮೇಲೂ ಸಿಪಾಯಿಗಳು ಚಳಿಜ್ವರದಿಂದ ಮಲಗುತ್ತಲೇ ಇದ್ದರು. ಕೊನೆಗೆ 1809ರಲ್ಲಿ ದಂಡು ಬೆಂಗಳೂರಿಗೆ ಎದ್ದುಹೋಯಿತು. ಅಲ್ಲಿನ ಕಂಟೋನ್ಮೆಂಟ್ ಹುಟ್ಟಿದ್ದು ಹಾಗೆ. ಜ್ವರಕ್ಕೆ ಕೆಟ್ಟ ಗಾಳಿಯೇ ಕಾರಣ ಎಂಬುದು ಆ ಕಾಲದ ನಂಬಿಕೆ. ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾದ ಪರಾವಲಂಬಿಯನ್ನು ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಕಂಡದ್ದು 1897ರ ಆಗಸ್ಟ್‌ನಲ್ಲಿ.

ಈಗ ನಮ್ಮ ಕಡೆಯವರೇ ದ್ವೀಪಗಳಿಗೆ ಹೊರಡುತ್ತಾರೆ. ಕಬ್ಬಿನ ದುಡ್ಡು ಕೈಸೇರಿದ ಮೇಲೆ ಅಂಡಮಾನಿಗೋ ಬಾಲಿಗೋ ಟಿಕೆಟ್ ಮಾಡಿಸಿದ ಪಾಂಡವಪುರ, ಕೆ.ಆರ್. ಪೇಟೆಯ ಕುಟುಂಬಗಳಲ್ಲಿ ಮಲೇರಿಯಾ ಮಾತ್ರೆಯ ಮಾತು ಬಂದರೆ ಸಾಮಾನ್ಯವಾಗಿ ಕೇಳುವ ಉತ್ತರ ಒಂದೇ: "ಸೊಳ್ಳೆ ಕಚ್ಚಿಸ್ಕೊಂಡೇ ಬೆಳ್ದೋರು ನಾವು, ನಮಗೇನಾಗುತ್ತೆ ಬಿಡಿ."

ಈ ಧೈರ್ಯಕ್ಕೆ ಆಧಾರವಿಲ್ಲ. ಮಲೇರಿಯಾಕ್ಕೆ ಮೈ ಒಗ್ಗುವುದು ಮತ್ತೆ ಮತ್ತೆ ಸೋಂಕು ತಗುಲಿದವರಲ್ಲಿ ಮಾತ್ರ, ಅದೂ ಅರ್ಧಂಬರ್ಧ. ಸೋಂಕು ನಿಂತು ಕೆಲವು ವರ್ಷ ಕಳೆದರೆ ಆ ಶಕ್ತಿ ಕುಂದುತ್ತದೆ. ಅಜ್ಜನ ಮೈಗೆ ಬಂದದ್ದು ಮೊಮ್ಮಗನಿಗೆ ಆಸ್ತಿಯಾಗಿ ಬರುವುದಿಲ್ಲ. ಇರ್ವಿನ್ ನಾಲೆ, ಅಂದರೆ ಇಂದಿನ ವಿಶ್ವೇಶ್ವರಯ್ಯ ನಾಲೆಯ ನೀರು 1930ರ ದಶಕದಲ್ಲಿ ಗದ್ದೆಗಳಿಗೆ ಹರಿದಾಗ ಬಯಲಿನ ಹಳ್ಳಿಗಳಿಗೆ ಭತ್ತದ ಜೊತೆ ಚಳಿಜ್ವರವೂ ಬಂತು. ಮಳೆ ನಂಬಿದ ನಾಗಮಂಗಲದ ರಾಗಿ ಹೊಲಕ್ಕೂ ನಾಲೆ ಬಯಲಿನ ಗದ್ದೆಗೂ ನಡುವೆ ಕೆಲವೇ ಮೈಲಿ ದೂರ, ಆದರೆ ನಿಂತ ನೀರು ಬೇರೆ, ಸೊಳ್ಳೆ ಬೇರೆ, ಅಪಾಯವೂ ಬೇರೆ. ಆ ಕಾಲದಲ್ಲಿ ಮೈಸೂರು ಸಂಸ್ಥಾನದಲ್ಲಿ ಸೊಳ್ಳೆಗಳನ್ನು ಅಧ್ಯಯನ ಮಾಡುತ್ತಿದ್ದ ಸ್ವೀಟ್ ಮತ್ತು ರಾವ್ 1937ರಲ್ಲಿ ಅನಾಫಿಲಿಸ್ ಸ್ಟೀಫನ್ಸಿಯ ಮೊಟ್ಟೆಗಳನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದರು. ಮೊಟ್ಟೆಯನ್ನು ನೀರಿನ ಮೇಲೆ ತೇಲಿಸುವ ಪಕ್ಕದ ಗಾಳಿಚೀಲಗಳ ಮೇಲಿನ ಏಣುಗಳು ಕೆಲವದರಲ್ಲಿ ಹೆಚ್ಚು, ಕೆಲವದರಲ್ಲಿ ಕಡಿಮೆ. ಕಡಿಮೆ ಏಣಿನ ಬಗೆಗೆ 'ಮೈಸೊರೆನ್ಸಿಸ್' ಎಂದು ಹೆಸರಿಟ್ಟರು. ಅದು ಮಲೇರಿಯಾ ಹರಡುವುದರಲ್ಲಿ ದುರ್ಬಲ. ನಗರದ ನೀರಿನ ತೊಟ್ಟಿಗಳಲ್ಲಿ ಬೆಳೆಯುವ ಅದರ ದಾಯಾದಿ ಪ್ರಬಲ. ಕಣ್ಣಿಗೆ ಒಂದೇ ಥರ ಕಾಣುವ ಸೊಳ್ಳೆಗಳಲ್ಲೇ ಇಷ್ಟು ವ್ಯತ್ಯಾಸವಿರುವಾಗ 'ಸೊಳ್ಳೆ ನಮಗೆ ಹೊಸದಲ್ಲ' ಎನ್ನುವುದು ಪ್ರಯಾಣಿಕರಿಗೆ ಯಾವ ರಕ್ಷಣೆಯನ್ನೂ ಕೊಡದು.

ಹಾಗಾಗಿ ಮೊದಲು ಕೇಳಬೇಕಾದದ್ದು ಯಾವ ದ್ವೀಪ ಎಂದು. ಮಾಲ್ಡೀವ್ಸ್ 2015ರಲ್ಲಿ, ಶ್ರೀಲಂಕಾ 2016ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯಿಂದ ಮಲೇರಿಯಾಮುಕ್ತ ಎಂಬ ಪ್ರಮಾಣಪತ್ರ ಪಡೆದಿವೆ. ಅಲ್ಲಿಗೆ ಹೋಗುವವರಿಗೆ ಮಾತ್ರೆ ಬೇಡ. ಬಾಲಿಯ ಪ್ರವಾಸಿ ಊರುಗಳಲ್ಲೂ ಅಪಾಯ ತೀರಾ ಕಡಿಮೆ. ಅದೇ ಇಂಡೋನೇಷ್ಯಾದ ಪಾಪುವಾಕ್ಕೆ ಹೋದರೆ ಮಾತ್ರೆ ಬೇಕೇ ಬೇಕು. ಅಂಡಮಾನ್–ನಿಕೋಬಾರ್ ಈ ಎರಡರ ನಡುವಿನದು. ಅಲ್ಲಿನ ಅನಾಫಿಲಿಸ್ ಸಂಡೈಕಸ್ ಸೊಳ್ಳೆಗೆ ಸಮುದ್ರ ತೀರದ ಚೌಳು ನೀರೇ ತೊಟ್ಟಿಲು, ಹಾಗಾಗಿ ಉಪ್ಪು ಗಾಳಿ ಇರುವ ಕಡೆ ಮಲೇರಿಯಾ ಇರದು ಎಂಬ ಊಹೆ ಅಲ್ಲಿ ನಡೆಯದು. ನಾಲ್ಕಾರು ದಿನ ಪೋರ್ಟ್ ಬ್ಲೇರ್‌ನ ಹೋಟೆಲಿನಲ್ಲಿದ್ದು ಬರುವವರಿಗೆ ಸಂಜೆಯಿಂದ ಬೆಳಗಿನವರೆಗೆ ತುಂಬುತೋಳಿನ ಬಟ್ಟೆ, ಮುಲಾಮು, ಸೊಳ್ಳೆಪರದೆ ಸಾಮಾನ್ಯವಾಗಿ ಸಾಕು ಎಂಬುದು ನನ್ನ ಅಭಿಪ್ರಾಯ. ಕಾಡಿನಂಚಿನಲ್ಲಿ ವಾರಗಟ್ಟಲೆ ತಂಗುವವರು, ಗರ್ಭಿಣಿಯರು, ಮಕ್ಕಳಿರುವವರು ವೈದ್ಯರನ್ನು ಕೇಳದೆ ಹೊರಡಬಾರದು.

ಮಾತ್ರೆ ಬೇಕೆಂದಾದರೆ, ಆರು ವಾರದೊಳಗಿನ ಪ್ರವಾಸಕ್ಕೆ ನಮ್ಮ ರಾಷ್ಟ್ರೀಯ ಮಾರ್ಗಸೂಚಿ ಹೇಳುವುದು ಡಾಕ್ಸಿಸೈಕ್ಲಿನ್. ದೊಡ್ಡವರಿಗೆ ದಿನಕ್ಕೆ 100 ಮಿಲಿಗ್ರಾಂ. ಹೊರಡುವ ಎರಡು ದಿನ ಮೊದಲು ಶುರು, ವಾಪಸು ಬಂದ ಮೇಲೂ ನಾಲ್ಕು ವಾರ. ಜನ ಎಡವುವುದು ಈ ನಾಲ್ಕು ವಾರದಲ್ಲೇ. ಮನೆಗೆ ಬಂದಾಯಿತಲ್ಲ ಎಂದು ಮಾತ್ರೆ ಬಿಟ್ಟುಬಿಡುತ್ತಾರೆ. ಸೊಳ್ಳೆ ಚುಚ್ಚಿದ ಪರಾವಲಂಬಿ ಮೊದಲು ಸೇರುವುದು ಯಕೃತ್ತನ್ನು. ಅಲ್ಲಿ ಒಂದೆರಡು ವಾರ ಸದ್ದಿಲ್ಲದೆ ಸಾವಿರಗಟ್ಟಲೆ ಮರಿಮಾಡಿ ಆಮೇಲೆ ರಕ್ತಕ್ಕೆ ಇಳಿಯುತ್ತದೆ. ಡಾಕ್ಸಿಸೈಕ್ಲಿನ್ ಅದನ್ನು ಹಿಡಿಯುವುದು ಮುಖ್ಯವಾಗಿ ರಕ್ತದಲ್ಲಿ. ರಜೆಯ ಕೊನೆಯ ಸಂಜೆ ಕಚ್ಚಿದ ಸೊಳ್ಳೆಯ ಪರಾವಲಂಬಿ ರಕ್ತಕ್ಕೆ ಇಳಿಯುವ ಹೊತ್ತಿಗೆ ಔಷಧಿ ಅಲ್ಲಿ ಕಾದಿರಬೇಕು. ಯಕೃತ್ತಿನಲ್ಲೇ ಕೆಲಸ ಮಾಡುವ ಅಟೊವಾಕ್ವೋನ್–ಪ್ರೊಗ್ವಾನಿಲ್ ಜೋಡಿ ಮಾತ್ರೆಯನ್ನು ವಾಪಸಾದ ಮೇಲೆ ಏಳು ದಿನ ನುಂಗಿದರೆ ಸಾಕಾಗುವುದು ಅದಕ್ಕೇ.

ಡಾಕ್ಸಿಸೈಕ್ಲಿನ್ ಗರ್ಭಿಣಿಯರಿಗೆ, ಹಾಲೂಡಿಸುವ ತಾಯಂದಿರಿಗೆ, ಎಂಟು ವರ್ಷದೊಳಗಿನ ಮಕ್ಕಳಿಗೆ ಸಲ್ಲದು. ನುಂಗಿದವರ ಚರ್ಮ ಬಿಸಿಲಿಗೆ ಬೇಗ ಸುಡುತ್ತದೆ, ಕಡಲ ತೀರದಲ್ಲಿ ಇದು ಸಣ್ಣ ವಿಷಯವಲ್ಲ. ತುಂಬಾ ನೀರು ಕುಡಿದು ನುಂಗಬೇಕು, ನುಂಗಿದ ಕೂಡಲೇ ಮಲಗಬಾರದು. ಇಲ್ಲದಿದ್ದರೆ ಅನ್ನನಾಳ ಹುಣ್ಣಾಗಬಹುದು.

ಯಾವ ಮಾತ್ರೆಯೂ ನೂರಕ್ಕೆ ನೂರು ಕಾಯುವುದಿಲ್ಲ. ವೈವಾಕ್ಸ್ ಜಾತಿಯ ಪರಾವಲಂಬಿಯಂತೂ ಯಕೃತ್ತಿನಲ್ಲಿ ತಿಂಗಳುಗಟ್ಟಲೆ ನಿದ್ರಿಸಿ ಮತ್ತೆ ಏಳಬಲ್ಲದು. ಆದ್ದರಿಂದ ಬಂದು ಆರು ತಿಂಗಳಾಗಿದ್ದರೂ ಜ್ವರ ಕಾಣಿಸಿಕೊಂಡರೆ ವೈದ್ಯರಿಗೆ ಪ್ರವಾಸದ ವಿಷಯವನ್ನು ನೀವಾಗಿಯೇ ಹೇಳಿ. ಮಲೇರಿಯಾ ವಿರಳವಾಗಿರುವ ನಮ್ಮ ತಾಲ್ಲೂಕುಗಳಲ್ಲಿ ಜ್ವರ ಎಂದರೆ ಮೊದಲು ನೆನಪಾಗುವುದು ಡೆಂಗಿ, ಚಿಕೂನ್‌ಗುನ್ಯಾ. ಬೆರಳ ತುದಿಯ ಒಂದು ಹನಿ ರಕ್ತದ ಪರೀಕ್ಷೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತ. ಮಲೇರಿಯಾದ ಮಾರಕ ಜಾತಿಯಾದ ಫಾಲ್ಸಿಪಾರಂ ಆಗಿದ್ದರೆ ಒಂದೆರಡು ದಿನ ತಡವಾದರೂ ಮಿದುಳಿಗೆ, ಮೂತ್ರಪಿಂಡಕ್ಕೆ ಏಟು ಬೀಳಬಹುದು. ಪರೀಕ್ಷೆಯನ್ನು ಜ್ವರ ಬಂದ ದಿನವೇ ಮಾಡಿಸಿ.