ಬಿಳಿ ನಾಯಿಯ ಕಂದು ಕಲೆ: ನೀರಿನ ಮೇಲೇಕೆ ದೂರು?

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಕಡೆ ಬಿಳಿ ಪೊಮೆರೇನಿಯನ್ ನಾಯಿಯ ಕಣ್ಣಿನ ಕೆಳಗೆ ತುಕ್ಕುಬಣ್ಣದ ಗೆರೆ ಮೂಡಿದರೆ ಮೊದಲ ಅನುಮಾನ ಬೋರ್‌ವೆಲ್ ನೀರಿನ ಮೇಲೆ ಹೋಗುವುದು ಸಹಜ. ಸದಾ ಹರಿಯುವ ನದಿಯಿಲ್ಲದ ಈ ಸೀಮೆಯಲ್ಲಿ ಆಳದಿಂದ ಎತ್ತುವ ನೀರಿನಲ್ಲಿ ಹಲವೆಡೆ ಫ್ಲೋರೈಡ್ ಹೆಚ್ಚು. ಅದು ಮಕ್ಕಳ ಹಲ್ಲಿನ ಮೇಲೆ ಬಿಟ್ಟ ಕಂದು ಗುರುತು ಎಲ್ಲರೂ ಕಂಡದ್ದೇ. ಆದರೆ ಆ ಗುರುತು ಹಲ್ಲು ರೂಪುಗೊಳ್ಳುವಾಗ ಎನಾಮೆಲ್ ಕೆಟ್ಟಿದ್ದರ ಫಲ. ಕೂದಲಿಗೆ ಎನಾಮೆಲ್ ಇಲ್ಲ. ಕಲೆ ಎಲ್ಲಿದೆ ಎಂದು ನೋಡಿದರೇ ಅರ್ಧ ಉತ್ತರ ಸಿಗುತ್ತದೆ. ನೀರಿನ ಕಬ್ಬಿಣ ಅಂಟುವುದಾದರೆ ಬಟ್ಟಲಿಗೆ ಅದ್ದುವ ಗದ್ದಕ್ಕೆ ಅಂಟಬೇಕು, ಸ್ನಾನದ ನೀರಾದರೆ ಮೈಗೆಲ್ಲ. ಕೆಮ್ಮಣ್ಣಾದರೆ ತೊಳೆದರೆ ಹೋಗುತ್ತದೆ. ಕಣ್ಣಿನ ಒಳಮೂಲೆಯಲ್ಲೇ, ಬೆರಳ ಸಂದಿಯಲ್ಲೇ ನಿಲ್ಲುವ ಕಲೆ ನಾಯಿಯ ಮೈಯಿಂದಲೇ ಬಂದದ್ದು.

ಅದರ ಹೆಸರು ಪಾರ್ಫಿರಿನ್. ರಕ್ತಕ್ಕೆ ಕೆಂಪು ಕೊಡುವ ಹೀಮ್ ತಯಾರಾಗುವಾಗ ಹುಟ್ಟುವ ಈ ವಸ್ತು ಹೆಚ್ಚಾಗಿ ಪಿತ್ತರಸದ ಮೂಲಕ, ಸ್ವಲ್ಪ ಕಣ್ಣೀರು ಮತ್ತು ಜೊಲ್ಲಿನ ಮೂಲಕ ಹೊರಬೀಳುತ್ತದೆ. ಎಲ್ಲ ನಾಯಿಗಳಲ್ಲೂ ಇದು ಉಂಟು. ಬಿಳಿ ಕೂದಲ ಮೇಲೆ ಎದ್ದು ಕಾಣುತ್ತದೆ, ಅಷ್ಟೆ. ನೀರಿನ ಕಬ್ಬಿಣವೇ ಹೊಟ್ಟೆ ಸೇರಿ ಕಣ್ಣೀರಲ್ಲಿ ಬರಬಾರದೇಕೆ ಎಂದು ಕೇಳಬಹುದು. ಪಾರ್ಫಿರಿನ್ ದೇಹವೇ ತಯಾರಿಸುವ ವಸ್ತು, ಫಿಲ್ಟರ್ ನೀರು ಕುಡಿಸಿದರೆ ಅದು ನಿಲ್ಲುವುದಿಲ್ಲ. ಕೇಳಬೇಕಾದ್ದು ಕಣ್ಣೀರು ಹೊರಗೇಕೆ ಸುರಿಯುತ್ತಿದೆ ಎಂದು. ಅದು ಸಣ್ಣ ನಾಳದಲ್ಲಿ ಮೂಗಿಗೆ ಇಳಿಯಬೇಕು. ನಾಳ ಕಟ್ಟಿದ್ದರೆ, ರೆಪ್ಪೆಕೂದಲು ಚುಚ್ಚುತ್ತಿದ್ದರೆ ಕೆನ್ನೆಗೆ ಹರಿಯುತ್ತದೆ. ಪಾದದ ಕಲೆಗೆ ಕಾರಣ ಬಿಡದೆ ನೆಕ್ಕುವುದು. ಕೂದಲು ಸರಿಸಿ ನೋಡಿ: ಬೆರಳ ಸಂದಿ ಕೆಂಪಾಗಿ, ಜಿಡ್ಡುಗಟ್ಟಿ, ಹುಳಿವಾಸನೆ ಬಂದರೆ ಮಲಸೇಜಿಯ ಎಂಬ ಯೀಸ್ಟ್ ಬೆಳೆದಿರಬಹುದು. ದನದ ಕೊಟ್ಟಿಗೆ ಹತ್ತಿರವಿದ್ದ ಮನೆಯಲ್ಲಿ ಉಣ್ಣೆ, ಚಿಗಟಗಳ ಕಡಿತವನ್ನೂ ಮರೆಯಬಾರದು.

ಶಿಡ್ಲಘಟ್ಟದ ಹಳದಿ ರೇಷ್ಮೆಗೂಡಿನ ಬಣ್ಣ ಹೆಚ್ಚಾಗಿ ಸೆರಿಸಿನ್ ಅಂಟಿನಲ್ಲಿರುವುದರಿಂದ ಸೋಪುನೀರಲ್ಲಿ ಕುದಿಸಿದರೆ ನೂಲು ಬಿಳುಪಾಗುತ್ತದೆ. ನಾಯಿಯ ಕೂದಲಿಗೆ ಹತ್ತಿದ ಪಾರ್ಫಿರಿನ್ ಹಾಗೆ ಬಿಡುವುದಿಲ್ಲ. ಹೊಸ ಕೂದಲು ಬಿಳಿಯಾಗಿ ಬರಬೇಕು. ಅದಕ್ಕೆ ತಿಂಗಳುಗಳೇ ಬೇಕು. ಅಲ್ಲಿಯವರೆಗೆ ಕುದಿಸಿ ಆರಿಸಿದ ನೀರಲ್ಲಿ ಅದ್ದಿದ ಹತ್ತಿಯಿಂದ ದಿನವೂ ಒರೆಸಿ ಒಣಗಿಸಬೇಕು. ಹೈಡ್ರೋಜನ್ ಪೆರಾಕ್ಸೈಡನ್ನು ಕಣ್ಣಿನ ಹತ್ತಿರ ತರಲೇಬಾರದು. ಟೈಲೋಸಿನ್ ಬೆರೆತ ಪುಡಿ ಕೊಟ್ಟರೆ ಕಲೆ ಕಡಿಮೆಯಾಗುತ್ತದಲ್ಲ ಎನ್ನುವವರಿದ್ದಾರೆ. ಆಗಬಹುದು, ನಿಲ್ಲಿಸಿದರೆ ಮತ್ತೆ ಬರಬಹುದು. ಕೋಳಿ, ಹಂದಿ, ದನಗಳ ಸೋಂಕಿಗೆಂದು ಇರುವ ಈ ಆ್ಯಂಟಿಬಯೋಟಿಕನ್ನು ಅಂದಕ್ಕಾಗಿ ತಿನ್ನಿಸುತ್ತಾ ಹೋದರೆ ಔಷಧಕ್ಕೆ ಬಗ್ಗದ ರೋಗಾಣು ಬೆಳೆಯುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2014ರಲ್ಲೇ ಇಂಥ ಅನುಮೋದನೆಯಿಲ್ಲದ ಉತ್ಪನ್ನಗಳ ವಿರುದ್ಧ ಎಚ್ಚರಿಸಿತ್ತು.

ಕರಿ ನಾಯಿ ಕೆಂಚಾಗುವುದು ಬೇರೆಯದೇ ಕಥೆ. ಮುದ್ದೆ, ಅನ್ನ-ಹಾಲಿನಲ್ಲೇ ಬೆಳೆದ ನಾಯಿಗೆ ಪ್ರೋಟೀನ್ ಸಾಲದು. 100 ಗ್ರಾಂ ರಾಗಿಯಲ್ಲಿ ಅದು ಸುಮಾರು 7 ಗ್ರಾಂ. ಕಪ್ಪು ಮೆಲನಿನ್ ತಯಾರಾಗಲು ಟೈರೋಸಿನ್, ಫಿನೈಲ್‌ಅಲನಿನ್ ಎಂಬ ಅಮೈನೋ ಆಮ್ಲಗಳೂ ತಾಮ್ರವೂ ಬೇಕು. ಮರಿ ಬೆಳೆಯಲು ಸಾಕಾಗುವಷ್ಟು ಟೈರೋಸಿನ್, ಫಿನೈಲ್‌ಅಲನಿನ್ ಕೂದಲು ಕಡುಗಪ್ಪಾಗಲು ಸಾಲದೆಂದು ಕರಿ ಮರಿಗಳ ಮೇಲಿನ ಪ್ರಯೋಗಗಳು ತೋರಿಸಿವೆ. ಬಿಸಿಲಿಗೂ ಕೂದಲು ಮಾಸುತ್ತದೆ ನಿಜ, ಆದರೆ ಆಗ ತುದಿ ಮಾತ್ರ ಕೆಂಚಾಗಿ ಬುಡ ಕಪ್ಪಾಗಿರುತ್ತದೆ. ಬುಡವೂ ಕೆಂಚಾಗಿದ್ದರೆ ತಟ್ಟೆಗೆ ಬೇಯಿಸಿದ ಮೊಟ್ಟೆ, ಮಾಂಸ ಬೀಳಬೇಕು.